ಆಸ್ಥಾನದ ಒಳಸಂಚುಗಾರರು: ಐತಿಹಾಸಿಕ ಫ್ಯಾಂಟಸಿ ಧಾರಾವಾಹಿಗೆ ಕುತಂತ್ರಿ ಪೋಷಕ ಪಾತ್ರ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಂಬದ ಹಿಂದೆ ನಿಂತು ಕದ್ದು ಕೇಳುವ ಮಂತ್ರಿ. ಎಲ್ಲರೂ ಹೋದ ಮೇಲೆ ಕ್ಯಾಮೆರಾ ಕಡೆ ತಿರುಗಿ, ಹುಬ್ಬು ಹಾರಿಸಿ, ‘ಇನ್ನು ಮೂರೇ ದಿನ, ಈ ಸಿಂಹಾಸನ ನನ್ನದು’ ಅನ್ನುತ್ತಾನೆ. ಹಿಂದೆ ಗುಡುಗಿನ ಸದ್ದು. ನೂರು ಎಪಿಸೋಡ್ ಕಳೆದರೂ ಆ ಮೂರು ದಿನ ಮುಗಿಯುವುದಿಲ್ಲ. ಇಂಥವನನ್ನು ನೋಡಿ ನೋಡಿ ಸಾಕಾಗಿದೆ, ಅಲ್ವಾ?

ಇದರಲ್ಲಿ ನಟನ ತಪ್ಪು ಕಡಿಮೆ. ಬರೆದವರು ಆ ಪಾತ್ರಕ್ಕೆ ದುರಾಸೆ ಕೊಟ್ಟರು, ಹಳೇ ದ್ವೇಷ ಕೊಟ್ಟರು, ದಪ್ಪ ಮೀಸೆ ಕೊಟ್ಟರು. ಒಂದು ಕೆಲಸ ಮಾತ್ರ ಕೊಡಲಿಲ್ಲ. ಬೆಳಿಗ್ಗೆ ಎದ್ದು ಅರಮನೆಯಲ್ಲಿ ಈತ ಏನು ಮಾಡುತ್ತಾನೆ ಅಂತ ಕೇಳಿದರೆ ಉತ್ತರವೇ ಇಲ್ಲ. ಸಂಚುಗಾರನ ಬಲ ಹುಟ್ಟುವುದು ಅವನ ಊಳಿಗದಿಂದ. ಯಾವ ಬಾಗಿಲು ಅವನಿಗೆ ತೆರೆದಿದೆ, ಯಾವ ಓಲೆ ಅವನ ಕೈ ದಾಟಿ ಹೋಗುತ್ತದೆ, ಯಾರು ಅವನೆದುರು ಬಾಯಿ ಬಿಡುತ್ತಾರೆ. ಇದು ಸರಿಯಾದರೆ ಬುದ್ಧಿವಂತಿಕೆ ತಾನಾಗಿ ಬರುತ್ತದೆ. ಇದು ಇಲ್ಲದಿದ್ದರೆ ಎಷ್ಟು ಗುಡುಗಿಸಿದರೂ ಅಷ್ಟೇ.

ದಿನವಹಿ ಧಾರಾವಾಹಿ ಬರೆಯುವವರಿಗೂ, ಎಂಟು ಹತ್ತು ಕಂತಿನ ಸರಣಿ ಬರೆಯುವವರಿಗೂ ಮುಂದಿನ ಹಂತಗಳು ಒಂದೇ. ಕೊನೆಗೆ ಬರುವ ಓಟದ ಲೆಕ್ಕಾಚಾರ ಮಾತ್ರ ಬೇರೆ.

ಹಂತ 1: ಮೊದಲು ಊಳಿಗ, ಆಮೇಲೆ ಸ್ವಭಾವ

ಒಂದು ದೊಡ್ಡ ಹಾಳೆಯಲ್ಲಿ ಅರಮನೆಯ ನಕ್ಷೆ ಗೀಚಿ. ಚೆಂದ ಇರಬೇಕಿಲ್ಲ. ಓಲಗ ನಡೆಯುವ ಚಾವಡಿ ಎಲ್ಲಿ, ಅರಸ ಮಲಗುವುದೆಲ್ಲಿ, ಅಡುಗೆಮನೆಯಿಂದ ತಟ್ಟೆ ಯಾವ ದಾರಿಯಲ್ಲಿ ಹೋಗುತ್ತದೆ, ಓಲೆಗಳನ್ನು ಎಲ್ಲಿ ಇಡುತ್ತಾರೆ. ಆಮೇಲೆ ಪ್ರತಿ ಬಾಗಿಲಿನ ಪಕ್ಕ ಅಪ್ಪಣೆ ಕೇಳದೆ ಒಳಗೆ ಹೋಗಬಲ್ಲವರ ಹೆಸರು ಬರೆಯಿರಿ. ನಿಮ್ಮ ಒಳ್ಳೆಯ ಸಂಚುಗಾರರು ಆ ಪಟ್ಟಿಯಲ್ಲೇ ಇರುತ್ತಾರೆ. ಮಹಾಮಂತ್ರಿ ಅದರಲ್ಲಿ ಇರಲಿಕ್ಕಿಲ್ಲ, ಅವನು ಬಂದರೆ ಎಲ್ಲರೂ ಎದ್ದು ನಿಂತು ಮಾತು ನಿಲ್ಲಿಸುತ್ತಾರೆ. ದೀಪಕ್ಕೆ ಎಣ್ಣೆ ಹಾಕುವವಳು ಬಂದರೆ ಯಾರೂ ಮಾತು ನಿಲ್ಲಿಸುವುದಿಲ್ಲ.

ಇತಿಹಾಸದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಚೀನಾದ ಚಿನ್ ಸಾಮ್ರಾಜ್ಯದ ಝಾವೊ ಗಾವೊ. ಸೇನೆ ಅವನ ಕೈಯಲ್ಲಿ ಇರಲಿಲ್ಲ. ಅವನ ಪಾಲಿಗಿದ್ದದ್ದು ಸಾಮ್ರಾಟನ ರಥಗಳ ಉಸ್ತುವಾರಿ ಮತ್ತು ರಾಜಮುದ್ರೆಯ ಕಾವಲು. ಜೊತೆಗೆ ಕಿರಿಯ ರಾಜಕುಮಾರ ಹೂಹಾಯ್‌ಗೆ ಕಾನೂನು ಪಾಠ ಹೇಳುತ್ತಿದ್ದ. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸಾಮ್ರಾಟ ಪ್ರವಾಸಕ್ಕೆ ಹೊರಟರೆ ಇವನು ಜೊತೆಯಲ್ಲೇ ಇರುತ್ತಾನೆ. ಆಜ್ಞೆ ಹೊರಡಬೇಕಾದರೆ ಮುದ್ರೆ ಇವನ ಕೈಯಲ್ಲಿದೆ. ಮುಂದೆ ಪಟ್ಟಕ್ಕೆ ಬರಬಹುದಾದ ಒಬ್ಬ ಹುಡುಗ ಇವನ ಮಾತು ಕೇಳುತ್ತಾನೆ. ಕ್ರಿ.ಪೂ. 210ರಲ್ಲಿ ಮೊದಲ ಸಾಮ್ರಾಟ ಪ್ರವಾಸದ ನಡುವೆಯೇ ತೀರಿಕೊಂಡಾಗ ಮೂರೂ ಒಟ್ಟಿಗೆ ಕೆಲಸಕ್ಕೆ ಬಂದವು.

ಹಾಗಾಗಿ ಪಾತ್ರಕ್ಕೆ ಹೆಸರಿಡುವ ಮೊದಲೇ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕೇಳದೆ ಹೋಗಬಹುದಾದ ಬಾಗಿಲು ಯಾವುದು? ದಿನವೂ ಅವನ ಕೈ ದಾಟಿ ಹೋಗುವ ವಸ್ತು ಯಾವುದು? ಅವನು ಇದ್ದಾನೆ ಅನ್ನುವುದನ್ನೇ ಮರೆತು ಮಾತಾಡುವವರು ಯಾರು? ಒಂದು ದಿನ ಅವನು ಬರದಿದ್ದರೆ ಯಾವ ಕೆಲಸ ನಿಲ್ಲುತ್ತದೆ? ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಪಾತ್ರ ಇನ್ನೂ ಹುಟ್ಟಿಲ್ಲ ಅಂತಲೇ ಅರ್ಥ.

ಬಾಗಿಲಿನ ಜೊತೆ ಹೊತ್ತೂ ಮುಖ್ಯ. ಚೀನಾದ ಮಿಂಗ್ ಅರಸರಲ್ಲಿ ಟಿಯಾನ್‌ಚಿ ಅನ್ನುವವನಿಗೆ ಬಡಗಿ ಕೆಲಸದ ಹುಚ್ಚು. ಅವನು 1620ರಿಂದ 1627ರವರೆಗೆ ಆಳಿದ. ಅರಸ ಉಳಿ ಹಿಡಿದು ಮೈಮರೆತಿದ್ದಾಗಲೇ ವೇಯ್ ಝೊಂಗ್‌ಶಿಯಾನ್ ಅನ್ನುವ ಅಂತಃಪುರದ ಅಧಿಕಾರಿ ರಾಜ್ಯದ ಕಡತ ಹಿಡಿದು ಬರುತ್ತಿದ್ದನಂತೆ. ‘ನೀನೇ ನೋಡಿಕೋ’ ಅಂತ ಅರಸ ಕೈ ಬೀಸುತ್ತಿದ್ದ. ಇದರಲ್ಲಿ ವಿಷವಿಲ್ಲ, ಕತ್ತಿಯಿಲ್ಲ. ಮರದ ಹೊಟ್ಟು ಹಾರುತ್ತಿದೆ, ಹಿಂದೆ ಒಬ್ಬ ಕಡತ ಹಿಡಿದು ತಾಳ್ಮೆಯಿಂದ ನಿಂತಿದ್ದಾನೆ. ಒಂದೇ ಶಾಟ್‌ನಲ್ಲಿ ಇಬ್ಬರ ಸ್ವಭಾವವೂ ಬಂತು.

ಹಂತ 2: ಆಸೆ ಸಣ್ಣದಿರಲಿ, ಅದಕ್ಕೊಂದು ಗಡುವಿರಲಿ

‘ಸಿಂಹಾಸನ ಬೇಕು’ ಅನ್ನುವುದು ಮುಖ್ಯ ಖಳನ ಆಸೆ. ಪೋಷಕ ಪಾತ್ರಕ್ಕೆ ಅಷ್ಟು ದೊಡ್ಡದು ಕೊಟ್ಟರೆ ಅವನು ಮುಖ್ಯ ಖಳನ ಜೆರಾಕ್ಸ್ ಆಗುತ್ತಾನೆ. ಅವನಿಗೆ ಬೇಕಾದದ್ದು ಮಗನಿಗೆ ಒಂದು ಹುದ್ದೆ, ಕಳೆದುಕೊಂಡ ಜಮೀನು, ತಾನು ಸಾಕಿದ ಹುಡುಗಿಗೆ ಒಳ್ಳೆಯ ಮದುವೆ, ಅಥವಾ ಸುಮ್ನೆ ಈಗಿರುವ ಜಾಗ ಕೈತಪ್ಪದಿರುವುದು. ನನ್ನ ಪ್ರಕಾರ ಕೊನೆಯದೇ ಎಲ್ಲಕ್ಕಿಂತ ಗಟ್ಟಿ. ಇರುವುದನ್ನು ಉಳಿಸಿಕೊಳ್ಳಲು ಮನುಷ್ಯ ಎಂಥ ಕೆಲಸಕ್ಕೂ ಇಳಿಯುತ್ತಾನೆ, ಅದನ್ನು ನ್ಯಾಯ ಅಂತಲೂ ನಂಬುತ್ತಾನೆ.

ಮಂಥರೆಯನ್ನೇ ತೆಗೆದುಕೊಳ್ಳಿ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಅವಳ ಸೀನ್ ಇರುವ ರೀತಿ ಧಾರಾವಾಹಿ ಬರೆಯುವವರಿಗೆ ಪಾಠವೇ. ಅವಳು ಮಹಡಿ ಹತ್ತಿ ಊರು ಸಿಂಗಾರವಾಗಿರುವುದನ್ನು ನೋಡುತ್ತಾಳೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ಹತ್ತಿರವಿದ್ದ ದಾದಿಯನ್ನು ಕೇಳಿದಾಗ, ನಾಳೆ ರಾಮನಿಗೆ ಪಟ್ಟ ಅನ್ನುವ ಸುದ್ದಿ ಸಿಗುತ್ತದೆ. ಗಡುವು ಅಲ್ಲೇ ಬಂತು: ಒಂದೇ ರಾತ್ರಿ. ಅವಳಿಗೆ ರಾಜ್ಯ ಬೇಕಾಗಿಲ್ಲ. ಅವಳು ಕೈಕೇಯಿಯ ತವರಿನಿಂದ ಬಂದವಳು, ಒಡತಿಯ ಸ್ಥಾನ ಇಳಿದರೆ ತನ್ನದೂ ಇಳಿಯುತ್ತದೆ.

ಆಮೇಲೆ ನಡೆಯುವುದು ಇನ್ನೂ ಚೆಂದ. ಕೈಕೇಯಿ ಸುದ್ದಿ ಕೇಳಿ ಸಿಟ್ಟಾಗುವುದಿಲ್ಲ, ಖುಷಿಯಿಂದ ಒಡವೆ ಕೊಡುತ್ತಾಳೆ. ಮಂಥರೆ ಅದನ್ನು ಎಸೆಯುತ್ತಾಳೆ. ಮೊದಲ ಪ್ರಯತ್ನ ಸೋತಿತು. ರಾಮನೂ ಭರತನೂ ನನಗೆ ಒಂದೇ ಅನ್ನುತ್ತಾಳೆ ಕೈಕೇಯಿ. ಆಗ ಮಂಥರೆ ರಾಮನ ಮೇಲಿನ ದೂರು ಬಿಟ್ಟು ಕೌಸಲ್ಯೆಯ ಕಡೆ ತಿರುಗುತ್ತಾಳೆ. ನಾಳೆ ಅವಳು ರಾಜಮಾತೆ, ನೀನು ಕೈಕಟ್ಟಿ ನಿಲ್ಲಬೇಕು. ಆ ಏಟು ತಾಗುತ್ತದೆ. ಕೊನೆಯಲ್ಲಿ ಬರುವ ಎರಡು ವರಗಳು ಹೊಸದಲ್ಲ, ದಶರಥ ಯಾವತ್ತೋ ಕೊಟ್ಟು ಮರೆತದ್ದು. ಮಂಥರೆ ಏನನ್ನೂ ಸೃಷ್ಟಿ ಮಾಡಲಿಲ್ಲ, ನೆನಪಿಸಿದಳು ಅಷ್ಟೇ.

ಇದರಿಂದ ನೇರವಾಗಿ ಎತ್ತಿಕೊಳ್ಳಬಹುದಾದ ಸೂತ್ರ ಇದೆ. ಮನಸ್ಸು ಕೆಡಿಸುವ ಸೀನ್‌ನಲ್ಲಿ ಮೊದಲ ಮಾತು ಸೋಲಲೇಬೇಕು. ಎರಡನೆಯದು ಅರ್ಧ ತಾಗಬೇಕು. ಮೂರನೆಯದು ಕೇಳುವವರ ಒಳಗೆ ಮೊದಲೇ ಇದ್ದ ಭಯವನ್ನು ಮುಟ್ಟಬೇಕು. ಬಾಯಿ ತೆರೆದ ಕೂಡಲೇ ರಾಣಿ ಒಪ್ಪಿಬಿಟ್ಟರೆ ಸಂಚುಗಾರ್ತಿ ಜಾಣೆ ಅನ್ನಿಸುವುದಿಲ್ಲ, ರಾಣಿ ದಡ್ಡಿ ಅನ್ನಿಸುತ್ತಾಳೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಂಥರೆಯ ಗೂನನ್ನು ಹಾಗೇ ಎತ್ತಿಕೊಳ್ಳಬೇಡಿ. ಮೈಯಲ್ಲಿ ಊನವಿದ್ದವರೆಲ್ಲ ಕುತಂತ್ರಿಗಳು, ಮಲತಾಯಂದಿರೆಲ್ಲ ವಿಷ ಹಾಕುವವರು ಅನ್ನುವುದು ಬರೆಯುವವರ ಸೋಮಾರಿತನ. ಜೊತೆಗೆ ಅದು ಸಸ್ಪೆನ್ಸ್‌ಗೂ ಏಟು. ಮೇಕಪ್ ನೋಡಿಯೇ ಕಳ್ಳ ಯಾರು ಅಂತ ಗೊತ್ತಾದರೆ ಸಂಚು ಬರೆದು ಏನು ಪ್ರಯೋಜನ?

ಹಂತ 3: ಸಂಚಿನ ಕೀಲು ಬಲಿಯಾಗುವವನ ಒಳ್ಳೆಯ ಗುಣದಲ್ಲಿರಲಿ

ಹೆಚ್ಚಿನ ಧಾರಾವಾಹಿಗಳು ಎಡವುವುದು ಇಲ್ಲಿ. ಸಂಚು ಗೆಲ್ಲಬೇಕಾದರೆ ನಾಯಕ ಆ ವಾರ ಪೂರ್ತಿ ಪೆದ್ದನಾಗಬೇಕು. ಪತ್ರ ಯಾರು ಬರೆದರು ಅಂತ ಕೇಳುವುದಿಲ್ಲ, ಎದುರಿಗೆ ನಿಂತ ಹೆಂಡತಿ ‘ನಾನು ಹೇಳುವುದನ್ನು ಕೇಳಿ’ ಅಂದರೂ ಕೇಳುವುದಿಲ್ಲ. ವೀಕ್ಷಕರು ಸಂಚುಗಾರನ ಮೇಲೆ ಸಿಟ್ಟಾಗುವ ಬದಲು ನಾಯಕನ ಮೇಲೆ ಸಿಟ್ಟಾಗುತ್ತಾರೆ.

ಮತ್ತೆ ಚಿನ್ ಅರಮನೆಗೆ ಬನ್ನಿ. ಸಾಮ್ರಾಟ ದಾರಿಯಲ್ಲಿ ಸತ್ತ ವಿಷಯ ಗೊತ್ತಿದ್ದದ್ದು ಝಾವೊ ಗಾವೊ, ಪ್ರಧಾನಿ ಲಿ ಸಿ, ಹೂಹಾಯ್ ಮತ್ತು ಬೆರಳೆಣಿಕೆಯ ಸೇವಕರಿಗೆ ಮಾತ್ರ. ಮುಚ್ಚಿದ ರಥದೊಳಗೆ ಹೆಣ. ಎಂದಿನಂತೆ ಊಟದ ತಟ್ಟೆ ಒಳಗೆ ಹೋಗುತ್ತಿತ್ತು, ಕಡತಗಳಿಗೆ ಒಳಗಿನಿಂದ ಒಪ್ಪಿಗೆ ಬರುತ್ತಿತ್ತು. ಬೇಸಿಗೆಯ ಬಿಸಿಲಿಗೆ ವಾಸನೆ ಶುರುವಾದಾಗ, ಅದನ್ನು ಮರೆಸಲು ಬಂಡಿಗಳಲ್ಲಿ ಉಪ್ಪುಮೀನು ತುಂಬಿಸಿದರು. ಹಿರಿಯ ಮಗ ಫೂಸು ದೂರದ ಗಡಿಯಲ್ಲಿದ್ದ. ಅವನಿಗೆ ತಂದೆಯ ಹೆಸರಿನಲ್ಲಿ ನಕಲಿ ಆಜ್ಞೆ ಹೋಯಿತು: ಪ್ರಾಣ ಬಿಡು.

ಅವನ ಜೊತೆಗಿದ್ದ ಸೇನಾಪತಿ ಮೆಂಗ್ ಟಿಯಾನ್‌ಗೆ ಅನುಮಾನ ಬಂತು. ಇನ್ನೊಮ್ಮೆ ಕೇಳಿಸಿ ನೋಡೋಣ ಅಂತ ಹೇಳಿದ. ಫೂಸು ಒಪ್ಪಲಿಲ್ಲ. ತಂದೆ ಮಗನಿಗೆ ಸಾಯಿ ಅಂದ ಮೇಲೆ ಮತ್ತೆ ಕೇಳುವುದೇನು ಅಂತ ಕತ್ತಿಗೆ ಕೊರಳೊಡ್ಡಿದ.

ಇಲ್ಲಿ ಫೂಸು ದಡ್ಡನಲ್ಲ. ಅನುಮಾನದ ಮಾತು ಸೀನ್‌ನಲ್ಲೇ ಬಂದಿದೆ, ವೀಕ್ಷಕರ ಮನಸ್ಸಿನ ಪ್ರಶ್ನೆಯನ್ನು ಮೆಂಗ್ ಟಿಯಾನ್ ಕೇಳಿಬಿಟ್ಟಿದ್ದಾನೆ. ಆದರೂ ಸಂಚು ಗೆದ್ದಿತು, ಯಾಕೆಂದರೆ ಅದು ಫೂಸುವಿನ ವಿಧೇಯತೆಯ ಮೇಲೆ ನಿಂತಿತ್ತು. ನಿಮ್ಮ ನಾಯಕನ ನಾಲ್ಕು ಒಳ್ಳೆಯ ಗುಣ ಬರೆದುಕೊಳ್ಳಿ. ಪ್ರತಿಯೊಂದರ ಎದುರು, ಇದನ್ನು ಬಳಸಿ ಇವನನ್ನು ಹೇಗೆ ಬೀಳಿಸಬಹುದು ಅಂತ ಬರೆಯಿರಿ. ಮಾತು ತಪ್ಪದವನು, ಬಡವರನ್ನು ನಂಬುವವನು, ತಮ್ಮನಿಗಾಗಿ ಏನು ಬೇಕಾದರೂ ಮಾಡುವವನು. ಸಂಚು ಅಲ್ಲೇ ಸಿಗುತ್ತದೆ.

ಬಲಿಯಾಗುವವನು ಬಲೆಯನ್ನು ತಾನೇ ಕಂಡುಹಿಡಿದ ದಾರಿ ಅಂದುಕೊಳ್ಳುವಂತೆಯೂ ಮಾಡಬಹುದು. 1586ರಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಗೆ ಪತ್ರಗಳು ಬಿಯರ್ ಪೀಪಾಯಿಯಲ್ಲಿ ಅಡಗಿಸಿ ಬರುತ್ತಿದ್ದವು. ಇದು ತನ್ನವರು ಮಾಡಿದ ಗುಟ್ಟಿನ ವ್ಯವಸ್ಥೆ ಅಂತ ಅವಳು ನಂಬಿದ್ದಳು. ಅದನ್ನು ಹೂಡಿದ್ದು ಎಲಿಜಬೆತ್ ರಾಣಿಯ ಕಡೆಯ ವಾಲ್ಸಿಂಗ್‌ಹ್ಯಾಮ್. ಪ್ರತಿ ಪತ್ರವನ್ನೂ ಅವನ ಜನ ತೆರೆದು, ಸಂಕೇತ ಬಿಡಿಸಿ, ಮತ್ತೆ ಮುಚ್ಚಿ ಕಳಿಸುತ್ತಿದ್ದರು. ಅಷ್ಟೇ ಅಲ್ಲ, ಮೇರಿಯ ಒಂದು ಪತ್ರದ ಕೊನೆಗೆ ಎಲಿಜಬೆತ್‌ಳನ್ನು ಕೊಲ್ಲುವ ಸಂಚಿನಲ್ಲಿ ಸೇರಿದವರ ಹೆಸರು ಕೇಳುವ ನಕಲಿ ಸಾಲುಗಳನ್ನೂ ಸೇರಿಸಿದರು. 1587ರ ಫೆಬ್ರವರಿಯಲ್ಲಿ ಮೇರಿಯ ತಲೆ ಹೋಯಿತು. ಆ ಪೀಪಾಯಿ ತಂದುಕೊಡುತ್ತಿದ್ದ ಬಿಯರ್ ವ್ಯಾಪಾರಿಯ ಕಡೆ ಗಮನ ಕೊಡಿ. ಎರಡೂ ಕಡೆಯಿಂದ ಅವನಿಗೆ ಹಣ ಬರುತ್ತಿತ್ತು. ಪೋಷಕ ಪಾತ್ರ ಅಂದರೆ ಅವನು!

ಹಂತ 4: ಮಾಯೆಗೆ ಕಟ್ಟುಪಾಡು ಹಾಕಿ

ಫ್ಯಾಂಟಸಿ ಅಂದ ಮೇಲೆ ಮಂತ್ರ, ಶಾಪ, ಮಾಯಾವಸ್ತು ಬರುತ್ತವೆ. ಸಂಚುಗಾರನಿಗೆ ಅವುಗಳನ್ನು ಆಯುಧವಾಗಿ ಕೊಡುವುದು ಸುಲಭ. ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಾನೆ, ಮಂತ್ರ ಹಾಕಿ ಅರಸನ ಮನಸ್ಸು ಬದಲಿಸುತ್ತಾನೆ. ಆದರೆ ಮನಸ್ಸನ್ನು ಮಂತ್ರವೇ ಬದಲಿಸಿದ ಮೇಲೆ ಸಂಚುಗಾರನಿಗೆ ಏನು ಕೆಲಸ ಉಳಿಯಿತು? ಮಾಯೆ ಅವನಿಗೆ ಅಡ್ಡಿಯಾಗಬೇಕು. ಆ ಅಡ್ಡಿಯನ್ನು ಅವನು ಹೇಗೆ ದಾಟುತ್ತಾನೆ ಅನ್ನುವುದರಲ್ಲಿ ಅವನ ಜಾಣತನ ಕಾಣುತ್ತದೆ.

ಒಂದು ಕಲ್ಪನೆಯ ರಾಜ್ಯ ಕಟ್ಟಿ ನೋಡೋಣ. ಇಲ್ಲಿ ಯುವರಾಣಿಯ ಆಳ್ವಿಕೆ. ಚಾವಡಿಯಲ್ಲಿ ಒಂದು ಕಲ್ಲಿನ ಸಿಂಹ. ಅದರೆದುರು ಯಾರಾದರೂ ಸುಳ್ಳು ಹೇಳಿದರೆ ಅದು ಕಣ್ಣು ತೆರೆಯುತ್ತದೆ. ಕೇಳಲು ಚೆಂದವಾಗಿದೆ, ಆದರೆ ಬರೆಯುವ ಮೊದಲು ನಿಯಮ ಬಿಡಿಸಿಕೊಳ್ಳಬೇಕು. ಗೊತ್ತಿದ್ದೂ ಹೇಳಿದ ಸುಳ್ಳಿಗೆ ಮಾತ್ರವಾ, ಗೊತ್ತಿಲ್ಲದೆ ಹೇಳಿದ ತಪ್ಪಿಗೂ ಕಣ್ಣು ತೆರೆಯುತ್ತದಾ? ಪ್ರಶ್ನೆ ಕೇಳಿದರೆ? ಸುಮ್ಮನಿದ್ದರೆ? ಬರೆದ ಓಲೆಯನ್ನು ಗಟ್ಟಿಯಾಗಿ ಓದಿದರೆ ಆ ಸುಳ್ಳು ಬರೆದವನದಾ, ಓದಿದವನದಾ?

ಗೊತ್ತಿದ್ದೂ ಹೇಳಿದ ಸುಳ್ಳಿಗೆ ಮಾತ್ರ ಅಂತ ಇಟ್ಟುಕೊಳ್ಳೋಣ. ಕೂಡಲೇ ಸಂಚುಗಾರನಿಗೆ ಮೂರು ದಾರಿ ತೆರೆಯಿತು. ಒಂದು, ತಾನು ಮಾತಾಡದೆ, ಸುಳ್ಳನ್ನು ನಿಜ ಅಂತ ನಂಬಿದ ಪ್ರಾಮಾಣಿಕನನ್ನು ಮುಂದೆ ಬಿಡುವುದು. ಎರಡು, ಅರ್ಧ ನಿಜ. ಮೂರು, ಬರೀ ಪ್ರಶ್ನೆ. ಪ್ರಶ್ನೆಗೆ ಸುಳ್ಳು ನಿಜ ಎರಡೂ ಇಲ್ಲ. ಇಂಥ ಆಸ್ಥಾನದಲ್ಲಿ ಪಳಗಿದ ಸಂಚುಗಾರ ಚಾವಡಿಯ ಹೊರಗೂ ಸುಳ್ಳು ಹೇಳದೆ ಬದುಕುವುದನ್ನು ಕಲಿತಿರುತ್ತಾನೆ. ಅದೇ ಅವನ ಮಾತಿನ ಶೈಲಿ ಆಗುತ್ತದೆ. ಡೈಲಾಗ್ ಬರೆಯುವವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ನಿಯಮವನ್ನು ಮೊದಲ ಕೆಲವು ಕಂತುಗಳಲ್ಲೇ, ಸಂಚಿಗೆ ಸಂಬಂಧವಿಲ್ಲದ ಒಂದು ಸಣ್ಣ ಸೀನ್‌ನಲ್ಲಿ ತೋರಿಸಿ. ಎಮ್ಮೆ ಕದ್ದವನ ವಿಚಾರಣೆ ಸಾಕು. ಬೇಕಾದಾಗ ಹೊಸ ನಿಯಮ ತಂದರೆ ಜನ ಕ್ಷಮಿಸುವುದಿಲ್ಲ.

ಹಂತ 5: ಸೀನ್ ಬರೆಯುವುದು

ಈಗ ಮೇಲಿನ ಎಲ್ಲವನ್ನೂ ಒಂದು ಸೀನ್‌ಗೆ ತರೋಣ. ಮಾದರಸ ಓಲೆಭಂಡಾರದ ಅಧಿಕಾರಿ. ಕೋಟೆಯ ಬಾಗಿಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಅನ್ನುವ ಲೆಕ್ಕ ಪ್ರತಿ ಬೆಳಿಗ್ಗೆ ಅವನ ಕೈಗೆ ಬರುತ್ತದೆ. ಹೊಸ ದಳಪತಿ ಭಂಡಾರದ ಹಳೇ ಲೆಕ್ಕ ತೆಗೆಸುತ್ತೇನೆ ಅಂದಿದ್ದಾನೆ, ತೆಗೆಸಿದರೆ ಮಾದರಸನ ಜಾಗ ಹೋಗುತ್ತದೆ. ದಳಪತಿ ಕೊಟ್ಟ ಮಾತು ತಪ್ಪದವನು. ನಿನ್ನೆ ನಡುರಾತ್ರಿ ಗಾಯಗೊಂಡ ಒಬ್ಬ ಹೆಂಗಸನ್ನು ಕೋಟೆಯೊಳಗೆ ಬಿಟ್ಟುಕೊಂಡಿದ್ದಾನೆ, ಯಾರಿಗೂ ಹೇಳುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದಾನೆ. ದೀಪದ ಊಳಿಗದ ಚಂದಲೆ ಅದನ್ನು ನೋಡಿದ್ದಾಳೆ.

ಚಾವಡಿ. ಬೆಳಗಿನ ಓಲಗ ಮುಗಿಯುತ್ತಾ ಬಂದಿದೆ.

ಮಾದರಸ: ಒಂದು ಸಣ್ಣ ಲೆಕ್ಕ ಉಳಿದಿದೆ, ತಾಯಿ. ದೊಡ್ಡದೇನಲ್ಲ.

ಯುವರಾಣಿ: ಹೇಳಿ.

ಮಾದರಸ: ಬಾಗಿಲಿನ ಓಲೆಯಲ್ಲಿ ಎರಡನೇ ಜಾವಕ್ಕೆ ಒಂದು ಗೀಟು ಇದೆ, ಹೆಸರಿಲ್ಲ. ಕಾವಲುಗಾರ ಮರೆತಿರಬಹುದೇ? ದಳಪತಿಗಳಿಗೆ ಗೊತ್ತಿರುತ್ತದೆ.

ದಳಪತಿ: ಬಾಗಿಲು ತೆಗೆಸಿದ್ದು ನಾನು.

ಮಾದರಸ: ಹಾಗಾದರೆ ಸರಿಹೋಯಿತು. ಯಾರ ಹೆಸರು ಬರೆಯಲಿ?

ದಳಪತಿ ಸಿಂಹದ ಕಡೆ ನೋಡುತ್ತಾನೆ. ಕಣ್ಣು ಮುಚ್ಚಿದೆ. ಅವನು ಮಾತಾಡುವುದಿಲ್ಲ.

ಮಾದರಸ: ಬೇಡ ಬಿಡಿ. ಖಾಲಿಯೇ ಇರಲಿ.

ಇಲ್ಲಿ ಮಾದರಸ ಆರೋಪ ಮಾಡಲಿಲ್ಲ. ಕೊನೆಗೆ ಬಿಟ್ಟುಕೊಟ್ಟವನಂತೆ ನಡೆದುಕೊಂಡ. ಇನ್ನು ಮುಂದೆ ಅನುಮಾನ ಪಡುವ ಕೆಲಸ ಯುವರಾಣಿಯದು. ಕ್ಯಾಮೆರಾ ಹೋಗಬೇಕಾದದ್ದು ಮಾದರಸನ ಮುಖಕ್ಕಲ್ಲ, ಹಿಂದೆ ದೀಪದ ಕುಡಿ ಸರಿ ಮಾಡುತ್ತಾ ನಿಂತ ಚಂದಲೆಯ ಕೈಗೆ. ಅವಳು ಬಾಯಿ ಬಿಟ್ಟರೆ ದಳಪತಿ ಉಳಿಯುತ್ತಾನೆ. ಬಿಡುವುದಿಲ್ಲ. ಯಾಕೆ ಅನ್ನುವುದು ನಾಳೆಯ ಕಂತು.

ಈ ಸೀನ್ ಬರೆಯುವಾಗ ತಪ್ಪಿಸಿಕೊಂಡ ಕೆಲವು ಹಳೇ ಚಾಳಿಗಳನ್ನೂ ಗಮನಿಸಿ. ಸ್ವಗತವಿಲ್ಲ, ಕದ್ದು ಕೇಳುವುದಿಲ್ಲ, ಒಬ್ಬರಿಗೊಬ್ಬರು ಗೊತ್ತಿರುವ ವಿಷಯವನ್ನೇ ವಿವರಿಸಿಕೊಳ್ಳುವುದಿಲ್ಲ. ಸಂಚುಗಾರ ಮಾತಾಡಿದ್ದು ತನ್ನ ಊಳಿಗದ ಭಾಷೆಯಲ್ಲಿ: ಲೆಕ್ಕ, ಗೀಟು, ಹೆಸರು. ವೈದ್ಯ ಸಂಚು ಮಾಡಿದರೆ ಪಥ್ಯದ ಮಾತಾಡಲಿ, ಜೋಯಿಸ ಮಾಡಿದರೆ ಮುಹೂರ್ತದ ಮಾತಾಡಲಿ. ಅಂದಹಾಗೆ ಐತಿಹಾಸಿಕ ಅಂದ ಮಾತ್ರಕ್ಕೆ ಪ್ರತಿ ವಾಕ್ಯವೂ ನಾಟಕದ ಭಾಷೆಯಲ್ಲಿ ಇರಬೇಕಿಲ್ಲ. ಗುಟ್ಟಿನ ಮಾತು ಸರಳವಾಗಿದ್ದಷ್ಟೂ ಹೆದರಿಕೆ ಜಾಸ್ತಿ.

ಬಹಿರಂಗ ಸಂಚಿನ ಸೀನ್ ಬೇಕಾದರೆ ಮತ್ತೆ ಝಾವೊ ಗಾವೊ ಹತ್ತಿರ ಹೋಗಬಹುದು. ಕ್ರಿ.ಪೂ. 207ರಲ್ಲಿ ಅವನು ಎರಡನೇ ಸಾಮ್ರಾಟನಾಗಿದ್ದ ಹೂಹಾಯ್ ಮುಂದೆ ಒಂದು ಜಿಂಕೆ ತಂದು ನಿಲ್ಲಿಸಿ, ಇದು ಕುದುರೆ ಅಂದ. ಸಾಮ್ರಾಟ ನಕ್ಕ. ಸುತ್ತ ಇದ್ದವರನ್ನು ಕೇಳಿದ. ಕೆಲವರು ಸುಮ್ಮನಿದ್ದರು, ಕೆಲವರು ಕುದುರೆ ಅಂದರು, ಕೆಲವರು ಜಿಂಕೆ ಅಂದರು. ಜಿಂಕೆ ಅಂದವರನ್ನು ಝಾವೊ ಗಾವೊ ಆಮೇಲೆ ಒಬ್ಬೊಬ್ಬರನ್ನಾಗಿ ಮುಗಿಸಿದ. ಹಾಡುಹಗಲೇ, ಎಲ್ಲರೆದುರು ನಡೆದ ಸಂಚು ಇದು. ಸೀನ್‌ನ ನಿಜವಾದ ವಿಷಯ ಜಿಂಕೆ ಅಲ್ಲ, ಉತ್ತರ ಹೇಳುವ ಮೊದಲು ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡುವ ಆ ಕ್ಷಣ. ನಿರ್ದೇಶಕರಿಗೆ ಹತ್ತು ರಿಯಾಕ್ಷನ್ ಶಾಟ್ ಸಿಕ್ಕಿತು, ಖರ್ಚು ಒಂದು ಜಿಂಕೆ.

ಹಂತ 6: ಯಾರಿಗೆ ಏನು ಗೊತ್ತು ಅನ್ನುವ ಪಟ್ಟಿ

ಇದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಎಡಗಡೆ ಗುಟ್ಟುಗಳನ್ನು ಬರೆಯಿರಿ, ಮೇಲ್ಗಡೆ ಪಾತ್ರಗಳ ಹೆಸರು. ಯಾವ ಕಂತಿನಲ್ಲಿ ಯಾರಿಗೆ ಯಾವ ಗುಟ್ಟು ತಿಳಿಯಿತು ಅಂತ ಪ್ರತಿ ಮನೆಯಲ್ಲಿ ತುಂಬಿ. ಕೊನೆಗೆ ‘ವೀಕ್ಷಕರು’ ಅಂತ ಒಂದು ಕಾಲಂ ಇರಲಿ. ಹತ್ತಾರು ಜನ ಸೇರಿ ಬರೆಯುವ ಧಾರಾವಾಹಿಯಲ್ಲಿ ಇದಿಲ್ಲದಿದ್ದರೆ, ನಲವತ್ತನೇ ಕಂತಿನಲ್ಲಿ ತಿಳಿದ ವಿಷಯವನ್ನು ಅದೇ ಪಾತ್ರ ಅರವತ್ತನೇ ಕಂತಿನಲ್ಲಿ ಮತ್ತೆ ಬೆಚ್ಚಿಬಿದ್ದು ಕೇಳುತ್ತದೆ.

ವೀಕ್ಷಕರ ಕಾಲಂ ಕಡೆ ಜಾಸ್ತಿ ಗಮನ ಇರಲಿ. ಸಂಚು ಮೊದಲೇ ಪೂರ್ತಿ ಗೊತ್ತಿದ್ದರೆ ಆತಂಕ ಬರುತ್ತದೆ, ಏನೂ ಗೊತ್ತಿಲ್ಲದಿದ್ದರೆ ಆಶ್ಚರ್ಯ ಬರುತ್ತದೆ. ಅರ್ಧ ಗೊತ್ತಿದ್ದರೆ ಜನ ಮರುದಿನ ತಪ್ಪದೆ ಟಿವಿ ಹಾಕುತ್ತಾರೆ. ಮಾದರಸ ಏನೋ ಮಾಡುತ್ತಿದ್ದಾನೆ ಅಂತ ಗೊತ್ತಿರಲಿ, ಯಾತಕ್ಕೆ ಅಂತ ಗೊತ್ತಿರದಿರಲಿ.

ಹಂತ 7: ಅರಸನಿಗೆ ಗೊತ್ತಿರಲಿ

ಸಂಚುಗಾರನ ಮೇಲಿರುವವರು ಯಾವಾಗಲೂ ಮುಗ್ಧರು ಅನ್ನುವುದು ಇನ್ನೊಂದು ರೂಢಿ. ಮುರಿದು ನೋಡಿ. 1553ರಲ್ಲಿ ಒಟ್ಟೋಮನ್ ಸುಲ್ತಾನ ಸುಲೇಮಾನ್ ತನ್ನ ಮಗ ಮುಸ್ತಫಾನನ್ನು ದಂಡಯಾತ್ರೆಯ ನಡುವೆ ತನ್ನ ಡೇರೆಗೆ ಕರೆಸಿ ಕೊಲ್ಲಿಸಿದ. ಸೈನಿಕರಿಗೆ ಮುಸ್ತಫಾ ಅಂದರೆ ಪ್ರಾಣ. ಸಿಟ್ಟೆಲ್ಲ ಹೋಗಿ ಬಿದ್ದದ್ದು ಸುಲ್ತಾನನ ಅಳಿಯ, ಪ್ರಧಾನ ವಜೀರ ರುಸ್ತುಂ ಪಾಷಾನ ಮೇಲೆ. ಸುಲ್ತಾನ ಅವನನ್ನು ಹುದ್ದೆಯಿಂದ ತೆಗೆದ. 1555ರಲ್ಲಿ ಅದೇ ರುಸ್ತುಂ ಮತ್ತೆ ಅದೇ ಹುದ್ದೆಗೆ ಬಂದ. ನಡುವೆ ವಜೀರನಾಗಿದ್ದವನು ಕೊಲೆಯಾಗಿ ಹೋದ.

ಮುಸ್ತಫಾನ ಸಾವಿನಲ್ಲಿ ರುಸ್ತುಂ ಪಾಲೆಷ್ಟು ಅನ್ನುವುದು ಇತಿಹಾಸಕಾರರ ಚರ್ಚೆಗೆ ಬಿಡೋಣ. ಬರೆಯುವವರಿಗೆ ಬೇಕಾದದ್ದು ಈ ಏರ್ಪಾಡು: ಸಂಚುಗಾರ ಅರಸನಿಗೆ ಗುರಾಣಿ. ಬೈಗುಳ ಅವನಿಗೆ, ಲಾಭ ಅರಸನಿಗೆ. ನಮ್ಮ ಯುವರಾಣಿಗೆ ಬಾಗಿಲಿನ ಓಲೆಯ ಆಟ ಮೊದಲೇ ಗೊತ್ತಿದ್ದು, ಜನಪ್ರಿಯ ದಳಪತಿಯನ್ನು ಸರಿಸಲು ಅವಳಿಗೂ ಒಂದು ನೆಪ ಬೇಕಿತ್ತು ಅಂದುಕೊಳ್ಳಿ. ಹಿಂದಿನ ಎಲ್ಲ ಸೀನ್‌ಗಳ ಬಣ್ಣವೇ ಬದಲಾಯಿತು. ಮಾದರಸನಿಗೆ ಈ ವಿಷಯ ಗೊತ್ತಾಗುವ ದಿನ ಅವನ ಮೊದಲ ಸೋಲು.

ಸಂಚುಗಾರರು ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುವಂತೆಯೂ ನೋಡಿಕೊಳ್ಳಿ. ಮೂವರಿಗಿಂತ ಜಾಸ್ತಿ ಬೇಡ, ಯಾರ ಸಂಚು ಯಾವುದು ಅಂತ ಮನೆಯವರಿಗೆ ವಿವರಿಸುತ್ತಾ ಕೂರುವಂತಾಗಬಾರದು.

ಹಂತ 8: ಬೀಳುವುದೂ ಅದೇ ಬಾಗಿಲಿನಿಂದ

ಖಳನಿಗೆ ಸಿಡಿಲು ಬಡಿಯಿತು, ಬಂಡೆಯಿಂದ ಜಾರಿದ, ಇದ್ದಕ್ಕಿದ್ದಂತೆ ಹುಚ್ಚು ಹಿಡಿಯಿತು. ಇವೆಲ್ಲ ಬರೆಯುವವರಿಗೆ ಸುಸ್ತಾದ ಗುರುತು. ಮೊದಲ ಹಂತದಲ್ಲಿ ಬರೆದಿಟ್ಟ ನಾಲ್ಕು ಉತ್ತರಗಳನ್ನು ಮತ್ತೆ ತೆಗೆಯಿರಿ. ಅವನ ಬಲ ಯಾವುದೋ ಅದೇ ಅವನನ್ನು ಕೆಡವಲಿ.

ಝಾವೊ ಗಾವೊ ಕಥೆ ಮುಗಿದದ್ದೂ ಹೀಗೆ. ಮೊದಲು ಜೊತೆಗಾರ ಲಿ ಸಿಯನ್ನು ಅವನೇ ಕೊಲ್ಲಿಸಿದ. ಆಮೇಲೆ ಎರಡನೇ ಸಾಮ್ರಾಟ ಹೂಹಾಯ್ ಪ್ರಾಣ ಬಿಡುವಂತೆ ಮಾಡಿದ. ಬಳಿಕ ಝೀಯಿಂಗ್ ಅನ್ನುವವನನ್ನು ಪಟ್ಟಕ್ಕೆ ಆರಿಸಿದ. ಪಟ್ಟದ ದಿನ ಝೀಯಿಂಗ್ ಹುಷಾರಿಲ್ಲ ಅಂತ ಒಳಗೇ ಉಳಿದ. ಕರೆದರೂ ಬರಲಿಲ್ಲ. ವರ್ಷಗಟ್ಟಲೆ ಅರಮನೆಯ ಒಳಗೆ ಓಡಾಡಿ ರೂಢಿಯಾಗಿದ್ದ ಝಾವೊ ಗಾವೊ ತಾನೇ ಕರೆತರಲು ಹೋದ. ಒಳಗೆ ಅವನಿಗಾಗಿ ಕತ್ತಿ ಕಾದಿತ್ತು.

ಮಾದರಸನನ್ನು ಕೆಡವುವುದು ಓಲೆಯೇ ಆಗಲಿ. ಅವನೇ ಖಾಲಿ ಬಿಟ್ಟ ಆ ಗೀಟಿನ ಪಕ್ಕ ಬೇರೆ ಯಾರೋ ಅವನ ಹೆಸರು ಬರೆದಿದ್ದಾರೆ. ತನ್ನ ಭಂಡಾರದ ಓಲೆ ಸುಳ್ಳು ಅಂತ ಸಿಂಹದ ಎದುರು ಹೇಳಿದರೆ, ಇಷ್ಟು ವರ್ಷ ಅವನು ಕೊಟ್ಟ ಎಲ್ಲ ಲೆಕ್ಕವೂ ಅನುಮಾನಕ್ಕೆ ಬೀಳುತ್ತದೆ. ನಿಜ ಅಂದರೆ ಸಿಂಹ ಕಣ್ಣು ತೆರೆಯುತ್ತದೆ.

ಓಟದ ಲೆಕ್ಕ

ಎಂಟು ಹತ್ತು ಕಂತಿನ ಸರಣಿಯಲ್ಲಿ ಸಂಚು ಅರ್ಧದ ಹೊತ್ತಿಗೆ ಗೆಲ್ಲಲಿ, ಅದರ ಫಲ ಉಳಿದರ್ಧ. ದಿನವಹಿಯಲ್ಲಿ ಹೀಗೆ ನಡೆಯುವುದಿಲ್ಲ. ಅಲ್ಲಿ ಒಂದು ಟ್ರ್ಯಾಕ್, ಅಂದರೆ ಕಥೆಯ ಒಂದು ಎಳೆ, ಎರಡು ಮೂರು ವಾರ ಓಡಬೇಕು, ಪ್ರತಿ ಬ್ರೇಕ್‌ಗೂ ನೋಡುವವರನ್ನು ಹಿಡಿದಿಡುವ ಒಂದು ಹುಕ್ ಬೇಕು, ರೇಟಿಂಗ್ ಚೆನ್ನಾಗಿ ಬಂದರೆ ಚಾನೆಲ್‌ನವರು ಇನ್ನಷ್ಟು ಎಳೆಯಿರಿ ಅನ್ನುತ್ತಾರೆ. ಆಗ ಅದೇ ಸಂಚನ್ನು ಹಿಗ್ಗಿಸಬೇಡಿ. ಸಂಚು ಗೆಲ್ಲಲಿ, ಗೆದ್ದ ಮೇಲೆ ಅದನ್ನು ಮುಚ್ಚಿಡುವ ಕೆಲಸ ಶುರುವಾಗಲಿ. ಮುಚ್ಚಿಡುವುದಕ್ಕೆ ಹೊಸ ಜನ ಬೇಕು, ಹೊಸಬರಿಗೆ ಹೊಸ ಬೆಲೆ ಕೊಡಬೇಕು. ಕಥೆ ಮುಂದೆ ಹೋಗುತ್ತಲೇ ಎಳೆಯುತ್ತದೆ.

ಇನ್ನೊಂದು, ನಟರು ನಡುವೆ ಬಿಟ್ಟು ಹೋಗುತ್ತಾರೆ. ಡೇಟ್ಸ್ ಸಿಗುವುದಿಲ್ಲ, ಸಿನಿಮಾ ಬರುತ್ತದೆ. ರಾತ್ರೋರಾತ್ರಿ ಮುಖ ಬದಲಿಸಿದರೆ ಸಂಚುಗಾರನ ಪಾತ್ರ ಹೆಚ್ಚು ಪೆಟ್ಟು ತಿನ್ನುತ್ತದೆ, ಯಾಕೆಂದರೆ ಜನ ಅವನ ಕಣ್ಣು ಓದಲು ಕಲಿತಿರುತ್ತಾರೆ. ಹಾಗಾಗಿ ಮೊದಲ ತಿಂಗಳಿನಿಂದಲೇ ಅವನ ಪಕ್ಕ ಓಲೆ ಬರೆಯುವ ಒಬ್ಬ ಹುಡುಗನನ್ನು ಕೂರಿಸಿ. ಮಾತು ಕೊಡಬೇಡಿ, ಓಲೆ ಎತ್ತಿಕೊಡುವ ಕೆಲಸ ಸಾಕು. ಮಾದರಸ ಹೊರಟ ದಿನ ಭಂಡಾರದ ಬೀಗದ ಕೈ ಆ ಹುಡುಗನ ಸೊಂಟಕ್ಕೆ ಬರುತ್ತದೆ, ಅವನಿಗೆ ಎಲ್ಲ ಓಲೆ ಎಲ್ಲಿದೆ ಅಂತ ಗೊತ್ತು.